ಬೆರಳುಗಳ ಬುಡದ ನೋವು: ಜಾಗ ತೋರಿಸಿದರೆ ಕಾರಣ ಸಿಗುತ್ತದೆ

ಪ್ರಶ್ನೆ: ನನಗೆ 47 ವರ್ಷ, ಪ್ರಾಥಮಿಕ ಶಾಲೆಯ ಶಿಕ್ಷಕಿ. ಕೆಲವು ತಿಂಗಳಿಂದ ಬಲಗಾಲಿನ ಅಂಗಾಲಿನ ಮುಂಭಾಗದಲ್ಲಿ, ಬೆರಳುಗಳು ಶುರುವಾಗುವ ಕಡೆ ನೋವು. ಮಧ್ಯಾಹ್ನದ ಹೊತ್ತಿಗೆ ಹರಳು ತುಳಿದುಕೊಂಡೇ ನಿಂತ ಹಾಗಾಗುತ್ತದೆ. ಒಮ್ಮೊಮ್ಮೆ ಮೂರನೇ ಮತ್ತು ನಾಲ್ಕನೇ ಬೆರಳಿಗೆ ಕರೆಂಟ್ ಹೊಡೆದಂತಾಗಿ ಜೋಮು ಹಿಡಿಯುತ್ತದೆ. ಚಪ್ಪಲಿ ಬಿಚ್ಚಿ ತಿಕ್ಕಿದರೆ ಆರಾಮ. ಎಕ್ಸ್‌ರೇ ಸರಿಯಾಗಿದೆ ಎಂದರು. ರಕ್ತದಲ್ಲಿ ಯೂರಿಕ್ ಆಸಿಡ್ 6.4 ಇದೆ ಅಂತ ಮಾತ್ರೆ ಕೊಟ್ಟು ಬೇಳೆಕಾಳು ಬಿಡಲು ಹೇಳಿದ್ದಾರೆ. ಜೊತೆಯ ಶಿಕ್ಷಕರು ಎಂಸಿಆರ್ ಚಪ್ಪಲಿ ಹಾಕಿಕೊಳ್ಳಿ ಅಂತಾರೆ. ಇದು ಏನು? ಆಪರೇಷನ್ ಬೇಕಾಗುತ್ತದೆಯೇ? ಇನ್ನೊಂದು ಮಾತು: ಸಕ್ಕರೆ ಕಾಯಿಲೆ ಇರುವ ನಮ್ಮ ಅತ್ತೆಯವರಿಗೂ ಅದೇ ಜಾಗದಲ್ಲಿ ದೊಡ್ಡ ಆಣಿ ಇದೆ. ಅವರಿಗೆ ನೋವೇ ಇಲ್ಲವಂತೆ. ನನಗೆ ಮಾತ್ರ ಯಾಕೆ ಇಷ್ಟು ನೋವು?

ಓದುಗರು, ಹಾವೇರಿ ಜಿಲ್ಲೆ

ಉತ್ತರ: ನೀವು ನೋವನ್ನು ವಿವರಿಸಿದ ರೀತಿಯಲ್ಲೇ ಅರ್ಧ ಉತ್ತರ ಇದೆ. ಹರಳು ತುಳಿದ ಅನುಭವ, ಎರಡೇ ಬೆರಳಿಗೆ ಹರಿಯುವ ಕರೆಂಟು, ಚಪ್ಪಲಿ ಬಿಚ್ಚಿ ತಿಕ್ಕಿದ ಕೂಡಲೇ ಆರಾಮ. ಈ ಮೂರೂ ಒಟ್ಟಿಗೆ ಇದ್ದಾಗ ವೈದ್ಯರು ಮೊದಲು ಅನುಮಾನಿಸುವುದು ಆ ಎರಡು ಬೆರಳುಗಳ ನಡುವೆ ಹಾದುಹೋಗುವ ನರವನ್ನು. ಈ ತೊಂದರೆಗೆ ಮಾರ್ಟನ್ ನ್ಯೂರೋಮಾ ಎನ್ನುತ್ತಾರೆ. ಕಾಲನ್ನು ಮುಟ್ಟಿ ನೋಡದೆ ಇದೇ ಎಂದು ನಾನು ಖಚಿತವಾಗಿ ಹೇಳಲಾರೆ. ಆದರೆ ಮುಂದಿನ ಸಲ ವೈದ್ಯರಿಗೆ ಏನು ತೋರಿಸಬೇಕು, ಏನು ಕೇಳಬೇಕು, ಅಲ್ಲಿಯವರೆಗೆ ಮನೆಯಲ್ಲಿ ಏನು ಮಾಡಬಹುದು ಎಂಬುದನ್ನು ಹೇಳಬಲ್ಲೆ.

ನಿಮ್ಮ ಚೀಟಿಯಲ್ಲಿ ಮೆಟಟಾರ್ಸಾಲ್ಜಿಯಾ ಎಂದು ಬರೆದಿದ್ದರೆ ಅದರಿಂದಲೇ ಸಮಾಧಾನ ಪಡಬೇಡಿ. ತಲೆನೋವು ಎಂದರೆ ಹೇಗೆ ಕಾಯಿಲೆ ಯಾವುದೆಂದು ತಿಳಿಯುವುದಿಲ್ಲವೋ ಇದೂ ಹಾಗೆಯೇ. ನೋವು ಎಲ್ಲಿದೆ ಎಂದಷ್ಟೇ ಅದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ.

ಪಾದದ ಮಧ್ಯಭಾಗದಿಂದ ಬೆರಳುಗಳ ಬುಡದವರೆಗೆ ಐದು ಉದ್ದನೆಯ ಮೂಳೆಗಳಿವೆ. ಅವುಗಳ ತುದಿಗಳು ನೆಲಕ್ಕೆ ಊರುವ ಜಾಗವೇ ನಿಮಗೆ ನೋಯುತ್ತಿರುವ ಭಾಗ. ಸುಮ್ಮನೆ ನಿಂತಾಗ ಭಾರದ ಹೆಚ್ಚಿನ ಪಾಲನ್ನು ಹಿಮ್ಮಡಿ ಹೊರುತ್ತದೆ. ನಡೆಯುವಾಗ ಹಿಮ್ಮಡಿ ನೆಲ ಬಿಟ್ಟ ಕ್ಷಣದಲ್ಲಿ ಮಾತ್ರ ಇಡೀ ದೇಹದ ಭಾರ ಈ ಐದು ತುದಿಗಳ ಮೇಲೆ ಬೀಳುತ್ತದೆ. ಇದು ಪ್ರತಿ ಹೆಜ್ಜೆಗೂ ಆಗುತ್ತದೆ. ಹೆಬ್ಬೆರಳಿನ ಬುಡದ ಮೂಳೆ ದಪ್ಪ, ಅದರ ಕೆಳಗೆ ಎರಡು ಪುಟ್ಟ ಮೂಳೆಗಳ ಆಸರೆಯೂ ಇದೆ. ಹಾಗಾಗಿ ಉಳಿದವು ಒಂದೊಂದೂ ಹೊರುವುದರ ಸುಮಾರು ಎರಡರಷ್ಟನ್ನು ಅದು ಹೊರುತ್ತದೆ. ಮೂಳೆಗೂ ಚರ್ಮಕ್ಕೂ ನಡುವೆ ಕೊಬ್ಬಿನ ಮೆತ್ತೆಯೊಂದಿದ್ದು, ವಯಸ್ಸಾದಂತೆ ಅದು ತೆಳುವಾಗುತ್ತದೆ. ಮೂಳೆಗಳ ನಡುವೆ, ಅಡ್ಡಲಾಗಿರುವ ತಂತುಪಟ್ಟಿಯೊಂದರ ಕೆಳಗೆ ನುಸುಳಿ ಬೆರಳುಗಳಿಗೆ ನರಗಳು ಹೋಗುತ್ತವೆ. ಭಾರ ಒಂದೇ ಕಡೆ ಜಾಸ್ತಿ ಬಿದ್ದರೆ, ಅಥವಾ ಮೂಳೆಗಳು ಪಕ್ಕಗಳಿಂದ ಒತ್ತಿಕೊಂಡರೆ, ಈ ರಚನೆಯಲ್ಲಿ ಎಲ್ಲಿ ಸೋಲು ಬರುತ್ತದೋ ಅಲ್ಲಿ ನೋವು ಕಾಣಿಸಿಕೊಳ್ಳುತ್ತದೆ.

ಆದ್ದರಿಂದ ಮೊದಲ ಪರೀಕ್ಷೆಯನ್ನು ನೀವೇ ಮಾಡಿಕೊಳ್ಳಿ. ಕುರ್ಚಿಯಲ್ಲಿ ಕೂತು ನೋಯುವ ಕಾಲನ್ನು ಇನ್ನೊಂದು ಮೊಣಕಾಲಿನ ಮೇಲಿಟ್ಟುಕೊಂಡು, ಹೆಬ್ಬೆಟ್ಟಿನಿಂದ ಒಂದೊಂದೇ ಜಾಗವನ್ನು ಒತ್ತುತ್ತಾ ಬನ್ನಿ. ಅಂಗಾಲಿನ ಮುಂಭಾಗವೆಲ್ಲ ಎಂದು ಕೈಯಾಡಿಸಿ ತೋರಿಸಿದರೆ ವೈದ್ಯರಿಗೆ ಏನೂ ಗೊತ್ತಾಗುವುದಿಲ್ಲ. ಒಂದು ಬೆರಳಿಟ್ಟು ತೋರಿಸಬಲ್ಲ ಜಾಗ ಬೇಕು.

ಮೂರನೇ ಮತ್ತು ನಾಲ್ಕನೇ ಬೆರಳುಗಳ ಬುಡದ ಮೂಳೆಗಳ ನಡುವಿನ ಸಂದಿಯನ್ನು ಒತ್ತಿದಾಗ ನೋವು ಹೊಮ್ಮಿದರೆ, ಪಾದವನ್ನು ಎರಡೂ ಪಕ್ಕಗಳಿಂದ ಕೈಯಲ್ಲಿ ಹಿಡಿದು ಅದುಮಿದಾಗ ಅದೇ ಕರೆಂಟು ಮರುಕಳಿಸಿದರೆ, ನರದ ತೊಂದರೆಯ ಅನುಮಾನ ಬಲವಾಗುತ್ತದೆ. ಹೀಗೆ ಅದುಮುವಾಗ ಒಮ್ಮೊಮ್ಮೆ ಟಕ್ ಎಂದು ಒಳಗೆ ಏನೋ ಜಾರಿದಂತೆ ಬೆರಳಿಗೆ ತಿಳಿಯುತ್ತದೆ. ಮುಲ್ಡರ್ ಎಂಬ ವೈದ್ಯರು 1951ರಲ್ಲಿ ಇದನ್ನು ವರ್ಣಿಸಿದರು, ಇವತ್ತಿಗೂ ಅವರ ಹೆಸರಿನಲ್ಲೇ ಈ ಪರೀಕ್ಷೆ ನಡೆಯುತ್ತಿದೆ. ನೋವು ಸಂದಿಯಲ್ಲಲ್ಲದೆ ಎರಡನೇ ಬೆರಳಿನ ಬುಡದ ಮೂಳೆಯ ನೇರ ಕೆಳಗಿದ್ದು, ಆ ಬೆರಳು ಮೇಲೆದ್ದೋ ಹೆಬ್ಬೆರಳಿನ ಕಡೆ ವಾಲಿಯೋ ಇದ್ದರೆ ಕಥೆ ಬೇರೆ. ಅಲ್ಲಿ ಕೀಲಿನ ಅಡಿಯ ಗಟ್ಟಿ ತಂತುಪದರ ಹರಿಯುತ್ತಿರಬಹುದು. ಎರಡನೇ ಬೆರಳು ಬಾತಿದ್ದರೆ ಬಾವು ಏರುವ ಮೊದಲೇ ಕಾಲುಂಗುರ ತೆಗೆದಿಡಿ, ಆಮೇಲೆ ಅದನ್ನು ಕತ್ತರಿಸಿಯೇ ತೆಗೆಯಬೇಕಾದೀತು. ಹೆಬ್ಬೆರಳಿನ ಬುಡ ರಾತ್ರೋರಾತ್ರಿ ಕೆಂಪಾಗಿ, ಬಿಸಿಯಾಗಿ, ಹೊದಿಕೆ ತಾಗಿದರೂ ತಡೆಯಲಾಗದಷ್ಟು ನೋಯುವುದು ಗೌಟ್‌ನ, ಅಂದರೆ ಯೂರಿಕ್ ಆಸಿಡ್‌ನಿಂದ ಬರುವ ಕೀಲುನೋವಿನ ಲಕ್ಷಣ. ಎರಡೂ ಪಾದ ನೋಯುತ್ತಾ, ಬೆಳಿಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆ ಕಳೆದರೂ ಬಿಡದಿದ್ದರೆ, ಕೈಬೆರಳಿನ ಗೆಣ್ಣುಗಳೂ ಹಿಡಿಯುತ್ತಿದ್ದರೆ, ಅದು ರುಮಟಾಯ್ಡ್ ಸಂಧಿವಾತದ ಆರಂಭವಾಗಿರಬಹುದು. ಎಷ್ಟೋ ಮಂದಿಗೆ ಆ ಕಾಯಿಲೆ ಮೊದಲು ಕಾಣಿಸಿಕೊಳ್ಳುವುದು ಇಲ್ಲೇ. ತಡಮಾಡಿದರೆ ಕೀಲುಗಳು ಹಾಳಾಗುತ್ತವೆ, ಹೀಗಾಗಿ ಕಾಯಬೇಡಿ. ಹರೆಯದ ಹುಡುಗಿಯರಿಗೆ ಎರಡನೇ ಬೆರಳಿನ ಬುಡ ನೋಯುತ್ತಿದ್ದರೆ ಫ್ರೈಬರ್ಗ್ ಎಂಬ ಇನ್ನೊಂದು ತೊಂದರೆ ಇದೆ. ಅದರಲ್ಲಿ ಮೂಳೆಯ ತುದಿಗೆ ರಕ್ತ ಪೂರೈಕೆ ಕಡಿಮೆಯಾಗುತ್ತದೆ.

ನಿಮ್ಮ ಎಕ್ಸ್‌ರೇ ಸರಿಯಾಗಿದೆ ಎಂದಿದ್ದು ಸುಳ್ಳಲ್ಲ. ಆದರೆ ನರ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಮೂಳೆಯ ಬಿರುಕು ಕೂಡ ಮೊದಲ ಎರಡು ಮೂರು ವಾರ ಕಾಣದೇ ಇರಬಹುದು. ಇದಕ್ಕೊಂದು ಹಳೆಯ ಕಥೆಯಿದೆ. 1855ರಲ್ಲಿ ಬ್ರೈಟ್‌ಹಾಪ್ಟ್ ಎಂಬ ಪ್ರಷ್ಯಾದ ಸೇನಾ ವೈದ್ಯರು, ದೂರ ದೂರ ಕವಾಯತು ನಡೆದ ಸೈನಿಕರ ಪಾದ ಬಾತುಕೊಂಡು ನೋಯುವುದನ್ನು ದಾಖಲಿಸಿದರು. ಪೆಟ್ಟು ಬಿದ್ದಿರಲಿಲ್ಲ, ಹಾಗಾಗಿ ಮೂಳೆ ಮುರಿದಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. 1895ರಲ್ಲಿ ಎಕ್ಸ್‌ರೇ ಬಂತು. 1897ರಲ್ಲಿ ಸ್ಟೆಕೋವ್ ಎಂಬ ಇನ್ನೊಬ್ಬ ಸೇನಾ ವೈದ್ಯರು ಅಂಥ ಪಾದಗಳ ಚಿತ್ರ ತೆಗೆದು ನೋಡಿದಾಗ ಈ ಉದ್ದ ಮೂಳೆಗಳಲ್ಲಿ ಬಿರುಕು ಇದ್ದದ್ದು ಬಯಲಾಯಿತು. ಅಲ್ಲಿಯವರೆಗಿನ ನಲವತ್ತು ವರ್ಷ ಅಂಥ ಸೈನಿಕರು ಮುರಿದ ಮೂಳೆಯ ಮೇಲೆಯೇ ನಡೆದಿದ್ದರು. ನಮ್ಮಲ್ಲಿ ಯುಗಾದಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರು, ಪೊಲೀಸ್ ನೇಮಕಾತಿಗೆಂದು ದಿಢೀರನೆ ಓಡಲು ಶುರುಮಾಡುವ ಹುಡುಗರು ಇದೇ ಅಪಾಯದಲ್ಲಿರುತ್ತಾರೆ. ಅಭ್ಯಾಸವಿಲ್ಲದ ಕಾಲಿಗೆ ಒಮ್ಮೆಲೇ ದೂರ ಹೆಚ್ಚಾದಾಗ, ಪಾದದ ಮೇಲ್ಭಾಗದಲ್ಲಿ ಒಂದು ಕಡೆ ಬಾವು ಬಂದು ಮೂಳೆಯನ್ನು ಮುಟ್ಟಿದರೆ ನೋಯತೊಡಗಿದರೆ, ಎಕ್ಸ್‌ರೇ ಏನೇ ಹೇಳಲಿ ನಡಿಗೆ ನಿಲ್ಲಿಸಬೇಕು. ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಎಕ್ಸ್‌ರೇ ತೆಗೆಸಬೇಕು. ನೀವು ಬರೆದಿರುವುದನ್ನು ನೋಡಿದರೆ ನಿಮ್ಮದು ಇದರಂತೆ ಕಾಣುವುದಿಲ್ಲ.

ಇನ್ನು ಯೂರಿಕ್ ಆಸಿಡ್ ವಿಚಾರ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು, ಯಾಕೆಂದರೆ ಕಾಲುನೋವು ಎಂದು ಹೋದವರೆಲ್ಲ ಈ ಮಾತ್ರೆ ಹಿಡಿದು ಬರುತ್ತಿದ್ದಾರೆ. ರಕ್ತದಲ್ಲಿ ಯೂರಿಕ್ ಆಸಿಡ್ ತುಸು ಹೆಚ್ಚಿದ್ದ ಮಾತ್ರಕ್ಕೆ ಗೌಟ್ ಆಗುವುದಿಲ್ಲ. ಹೆಚ್ಚಿದ್ದವರಲ್ಲಿ ಬಹುಮಂದಿಗೆ ಗೌಟ್ ಎಂದೂ ಬರುವುದೇ ಇಲ್ಲ. ಅತ್ತ, ಗೌಟ್‌ನ ನೋವು ಕೆರಳಿದ ದಿನ ರಕ್ತದ ವರದಿ ಸರಿಯಾಗಿಯೇ ಇರುವುದೂ ಉಂಟು. ಕೀಲಿನ ಊತ, ಕೆಂಪು, ಹಠಾತ್ ದಾಳಿ ಇಲ್ಲದೆ ಹಗಲೆಲ್ಲ ನಿಂತಾಗ ಬಂದು ಚಪ್ಪಲಿ ಬಿಚ್ಚಿದಾಗ ಹೋಗುವ ನೋವನ್ನು ಯೂರಿಕ್ ಆಸಿಡ್ ತಲೆಗೆ ಕಟ್ಟುವುದು ಸರಿಯಲ್ಲ. ಬೇಳೆಕಾಳು ಗೌಟ್‌ ಇರುವವರಿಗೇ ದೊಡ್ಡ ಶತ್ರುವಲ್ಲ, ನೀವಂತೂ ಬಿಡಬೇಕಾಗಿಲ್ಲ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಕೊಟ್ಟ ವೈದ್ಯರನ್ನೇ ಕೇಳಿ: ನನಗೆ ಗೌಟ್ ಇದೆ ಎನ್ನಲು ಈ ಸಂಖ್ಯೆ ಬಿಟ್ಟು ಬೇರೆ ಆಧಾರವಿದೆಯೇ? ಹಾಗೆ ಕೇಳುವುದರಲ್ಲಿ ಅಗೌರವವೇನೂ ಇಲ್ಲ.

ಮತ್ತೆ ನಿಮ್ಮ ನರಕ್ಕೆ ಬರೋಣ. ಲಂಡನ್ನಿನ ಪಾದಚಿಕಿತ್ಸಕ ಲೂಯಿಸ್ ಡರ್ಲಾಕರ್ 1845ರಲ್ಲೇ ಈ ನೋವಿನ ಬಗ್ಗೆ ಬರೆದಿದ್ದರು. ಹೆಸರು ಮಾತ್ರ 1876ರಲ್ಲಿ ಬರೆದ ಫಿಲಡೆಲ್ಫಿಯಾದ ಥಾಮಸ್ ಮಾರ್ಟನ್‌ಗೆ ಹೋಯಿತು. ವರದಿಯಲ್ಲಿ ನ್ಯೂರೋಮಾ ಎಂದು ಓದಿ ಗೆಡ್ಡೆ, ಕ್ಯಾನ್ಸರ್ ಎಂದು ಹೆದರಿದವರನ್ನು ನೋಡಿದ್ದೇನೆ. ಅದು ಗೆಡ್ಡೆಯಲ್ಲ. ಪದೇ ಪದೇ ಒತ್ತಡಕ್ಕೆ ಸಿಕ್ಕಿದ ನರದ ಸುತ್ತ ನಾರಿನಂಥ ಅಂಗಾಂಶ ದಪ್ಪಗಾಗುತ್ತದೆ, ದಪ್ಪಗಾದಂತೆ ಮತ್ತಷ್ಟು ಒತ್ತುತ್ತದೆ, ಅಷ್ಟೆ. ಹೆಂಗಸರಲ್ಲಿ ಇದು ಹೆಚ್ಚು. ಮುಂದೆ ಚೂಪಾದ ಚಪ್ಪಲಿ, ಎತ್ತರದ ಹಿಮ್ಮಡಿ ಇದಕ್ಕೆ ದೊಡ್ಡ ಕಾರಣ. ಹಿಮ್ಮಡಿ ಎತ್ತರವಾದಷ್ಟೂ ಭಾರ ಮುಂದಕ್ಕೆ ಜಾರುತ್ತದೆ, ಜಾರಿದ ಭಾರ ಕಿರಿದಾದ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ.

ಹಾಗೆಂದು ಹೀಲ್ಸ್ ಹಾಕದವರಿಗೆ ಬರುವುದಿಲ್ಲ ಎಂದಲ್ಲ. ತೆಳ್ಳನೆಯ ಹವಾಯಿ ಚಪ್ಪಲಿ ಕಾಲಿನಿಂದ ಕಳಚದಂತೆ ನಾವು ಗೊತ್ತಿಲ್ಲದೆಯೇ ಬೆರಳು ಮುದುರಿ ಹಿಡಿದಿರುತ್ತೇವೆ. ಬೆರಳು ಮುದುರಿದಾಗ ಬುಡದ ಮೂಳೆ ಕೆಳಕ್ಕೆ ತಳ್ಳಿಕೊಳ್ಳುತ್ತದೆ. ಮನೆಯೊಳಗೆ ಬರಿಗಾಲು, ಕೆಳಗೆ ಗಟ್ಟಿ ಟೈಲ್ಸ್, ಅದರ ಮೇಲೆ ನಿಂತೇ ಅಡುಗೆ. ಮಣ್ಣು, ಸಗಣಿ ಸಾರಿಸಿದ ನೆಲಕ್ಕೆ ಹೊಂದಿಕೊಂಡಿದ್ದ ಅಭ್ಯಾಸವನ್ನು ನಾವು ಕಲ್ಲಿನಷ್ಟು ಗಟ್ಟಿಯಾದ ನೆಲದ ಮೇಲೆ ಮುಂದುವರಿಸಿದ್ದೇವೆ. ಭರತನಾಟ್ಯ ಕಲಿಯುವ ಹುಡುಗಿಯರು ಕುದಿತ್ತ ಮೆಟ್ಟಡವಿನಲ್ಲಿ ಮುಂಗಾಲ ಮೇಲೆ ಹಾರಿ ಹಾರಿ ಇಳಿಯುವುದು ಇಂಥದೇ ನೆಲದ ಮೇಲಾದರೆ ಅವರಿಗೂ ಈ ನೋವು ಬರುತ್ತದೆ. ಮರದ ಹಲಗೆಯ ನೆಲವಿದ್ದರೆ ಎಷ್ಟೋ ವಾಸಿ. ಹೆಬ್ಬೆರಳು ಪಕ್ಕದ ಬೆರಳಿನ ಕಡೆ ಬಾಗಿ ಬುಡ ಉಬ್ಬಿದ್ದರೆ, ಅದು ಹೊರಬೇಕಾದ ಭಾರ ಎರಡನೇ ಬೆರಳಿನ ಪಾಲಾಗುತ್ತದೆ.

ಬಹಳ ಮಂದಿ ವೈದ್ಯರೂ ಮರೆಯುವ ಕಾರಣವೊಂದಿದೆ: ಮೀನಖಂಡದ ಬಿಗಿತ. ಮೀನಖಂಡ ಬಿಗಿಯಾಗಿದ್ದರೆ ಪಾದ ಗಂಟಿನಲ್ಲಿ ಸರಿಯಾಗಿ ಬಾಗುವುದಿಲ್ಲ, ಹಿಮ್ಮಡಿ ಬೇಗನೆ ನೆಲ ಬಿಡುತ್ತದೆ, ಮುಂಗಾಲು ಹೆಚ್ಚು ಹೊತ್ತು ಭಾರ ಹೊರುತ್ತದೆ. ಕುಕ್ಕರಗಾಲಲ್ಲಿ ಕೂತು ನೋಡಿ. ಹಿಮ್ಮಡಿ ನೆಲಕ್ಕೆ ತಾಗದೆ ಮೇಲೆಯೇ ಉಳಿದರೆ ಬಿಗಿತ ಇರುವ ಸಾಧ್ಯತೆ ಹೆಚ್ಚು. ಕುರ್ಚಿ, ಕಮೋಡು, ಗ್ಯಾಸ್ ಕಟ್ಟೆಗಳ ನಡುವೆ ಆ ಕೂರುವಿಕೆ ನಮ್ಮ ದಿನಚರಿಯಿಂದ ಹೋಗಿಬಿಟ್ಟಿದೆ.

ಚಿಕಿತ್ಸೆ ಪಾದರಕ್ಷೆಯಿಂದ ಶುರುವಾಗಬೇಕು, ಮಾತ್ರೆಯಿಂದಲ್ಲ. ಬಿಳಿ ಹಾಳೆಯ ಮೇಲೆ ಪೂರ್ತಿ ಭಾರ ಹಾಕಿ ನಿಂತು, ಬೇರೆಯವರಿಂದ ಪಾದದ ಸುತ್ತ ಗೆರೆ ಎಳೆಸಿಕೊಳ್ಳಿ. ಈಗ ಹಾಕುವ ಚಪ್ಪಲಿಯನ್ನು ಅದರ ಮೇಲಿಡಿ. ಗೆರೆ ಚಪ್ಪಲಿಯ ಹೊರಗೆ ಕಂಡರೆ ನಿಮ್ಮ ಪಾದ ದಿನವಿಡೀ ಹಿಂಡಿಸಿಕೊಳ್ಳುತ್ತಿದೆ ಎಂದರ್ಥ. ಹೊಸದನ್ನು ಸಂಜೆ ಕೊಳ್ಳಿ, ಆಗ ಪಾದ ಸ್ವಲ್ಪ ಬಾತಿರುತ್ತದೆ. ಮುಂದೆ ಅಗಲ, ಬೆರಳುಗಳು ಹರಡಿಕೊಳ್ಳುವಷ್ಟು ಜಾಗ, ಹಿಂದೆ ಪಟ್ಟಿ, ಒಂದು ಇಂಚಿಗಿಂತ ಕಡಿಮೆ ಹಿಮ್ಮಡಿ ಇರಲಿ. ಅಡಿ ದಪ್ಪವಾಗಿದ್ದು, ಬೆರಳುಗಳ ಬುಡದ ಬಳಿ ಮಡಿಸಿದರೆ ಸುಲಭವಾಗಿ ಮಡಿಯಬಾರದು. ಮನೆಯೊಳಗೆ ಹಾಕಲೆಂದೇ ಒಂದು ಜೊತೆ ಮೆತ್ತನೆಯದನ್ನು ಇಟ್ಟುಕೊಳ್ಳಿ. ಹೊರಗಿನ ಧೂಳು ತಾಗದಿದ್ದರೆ ಅಡುಗೆಮನೆಗೂ ಹಾಕಿಕೊಂಡು ಹೋಗಬಹುದು. ದೇವರಮನೆಯ ಬಾಗಿಲಲ್ಲಿ ಬಿಟ್ಟರಾಯಿತು. ತರಗತಿಯಲ್ಲಿ ಒಂದು ಪಾಠವನ್ನಾದರೂ ಕೂತು ಮಾಡಿ.

ಎರಡನೆಯದು ಮೆಟಟಾರ್ಸಲ್ ಪ್ಯಾಡ್ ಎಂಬ ಪುಟ್ಟ ಉಬ್ಬು ದಿಂಬು. ಔಷಧಿ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ. ತಂದವರಲ್ಲಿ ಹೆಚ್ಚಿನವರು ಇದನ್ನು ನೋಯುವ ಜಾಗದ ನೇರ ಕೆಳಗೆ ಅಂಟಿಸಿ, ನೋವು ಜಾಸ್ತಿಯಾಯಿತೆಂದು ಕಿತ್ತೆಸೆಯುತ್ತಾರೆ. ಅದು ಕೂರಬೇಕಾದ್ದು ನೋಯುವ ಜಾಗಕ್ಕಿಂತ ಹಿಂದೆ, ಹಿಮ್ಮಡಿಯ ಕಡೆಗೆ. ಆಗ ಅದು ಮೂಳೆಗಳನ್ನು ಹಿಂದಿನಿಂದ ಎತ್ತಿ ಹಿಡಿದು ಸ್ವಲ್ಪ ಅಗಲಿಸುತ್ತದೆ, ನರಕ್ಕೆ ಜಾಗ ಸಿಗುತ್ತದೆ. ಜಾಗ ಗುರುತಿಸಲು ಸುಲಭದ ಉಪಾಯವಿದೆ. ಒತ್ತಿದರೆ ಅತಿ ಹೆಚ್ಚು ನೋಯುವ ಬಿಂದುವಿಗೆ ಒದ್ದೆ ಕುಂಕುಮ ಹಚ್ಚಿ, ಚಪ್ಪಲಿಯ ಒಳಹಾಸಿನ ಮೇಲೆ ಒಮ್ಮೆ ಕಾಲೂರಿ ತೆಗೆಯಿರಿ. ಮೂಡಿದ ಗುರುತಿಗಿಂತ ಸುಮಾರು ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರ್ ಹಿಂದೆ ಪ್ಯಾಡಿನ ಮುಂದಿನ ಅಂಚು ಬರಲಿ. ಮೊದಲ ಕೆಲವು ದಿನ ಏನೋ ಒತ್ತಿದಂತೆ ಅನಿಸುತ್ತದೆ, ದಿನಕ್ಕೆ ಒಂದೆರಡು ಗಂಟೆಯಿಂದ ಶುರುಮಾಡಿ ಹೆಚ್ಚಿಸಿಕೊಳ್ಳಿ.

ಮೂರನೆಯದು ಮೀನಖಂಡ ಹಿಗ್ಗಿಸುವುದು. ಗೋಡೆಗೆ ಎರಡೂ ಅಂಗೈ ಊರಿ, ನೋಯುವ ಕಾಲನ್ನು ಒಂದು ಹೆಜ್ಜೆ ಹಿಂದಿಡಿ. ಆ ಕಾಲಿನ ಮೊಣಕಾಲು ನೇರವಾಗಿರಲಿ, ಹಿಮ್ಮಡಿ ನೆಲ ಬಿಡದಿರಲಿ. ಮೀನಖಂಡದಲ್ಲಿ ಎಳೆತ ತಿಳಿಯುವವರೆಗೆ ಮುಂದಕ್ಕೆ ವಾಲಿ 30 ಸೆಕೆಂಡ್ ನಿಲ್ಲಿ. ಆಮೇಲೆ ಅದೇ ಮೊಣಕಾಲನ್ನು ತುಸು ಬಾಗಿಸಿ ಇನ್ನೊಮ್ಮೆ. ಹೀಗೆ ಮೂರು ಸಲ, ಬೆಳಿಗ್ಗೆ ಮತ್ತು ಸಂಜೆ. ಇದಕ್ಕೆ ಖರ್ಚಿಲ್ಲ, ಫಲ ಮಾತ್ರ ವಾರಗಟ್ಟಲೆ ಮಾಡಿದವರಿಗೇ ಸಿಗುವುದು. ತೂಕ ಹೆಚ್ಚಿದ್ದರೆ ಕೆಲವೇ ಕಿಲೋ ಇಳಿದರೂ ಪಾದಕ್ಕೆ ತಿಳಿಯುತ್ತದೆ.

ತುಂಬ ನೋವಿದ್ದ ದಿನ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ಹದಿನೈದು ನಿಮಿಷ ಇಟ್ಟುಕೊಳ್ಳಬಹುದು, ಪ್ಯಾರಸಿಟಮಾಲ್ ತೆಗೆದುಕೊಳ್ಳಬಹುದು. ಬೇರೆ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಬೇಡಿ, ಹೊಟ್ಟೆ ಮತ್ತು ಕಿಡ್ನಿಗೆ ಅವು ಒಳ್ಳೆಯದಲ್ಲ. ಆರರಿಂದ ಹನ್ನೆರಡು ವಾರ ಇವೆಲ್ಲವನ್ನೂ ಬಿಡದೆ ಮಾಡಿಯೂ ಗುಣ ಕಾಣದಿದ್ದರೆ ಮೂಳೆ ತಜ್ಞರನ್ನು ನೋಡಿ. ನಿಮಗೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆ ದೂರವಲ್ಲ. ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿದರೆ ನರದ ದಪ್ಪ ಕಾಣುತ್ತದೆ. ಎಕ್ಸ್‌ರೇ ಮತ್ತೆ ತೆಗೆಸುವುದಾದರೆ ನಿಂತು ತೆಗೆಸಿ, ಮಲಗಿದ ಕಾಲಿನ ಚಿತ್ರದಲ್ಲಿ ಭಾರ ಬಿದ್ದಾಗಿನ ಸ್ಥಿತಿ ಗೊತ್ತಾಗುವುದಿಲ್ಲ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವರಿಗೆ ತಿಂಗಳುಗಳ ಮಟ್ಟಿಗೆ ನೋವು ಇಳಿಸುತ್ತದೆ. ಮತ್ತೆ ಮತ್ತೆ ಚುಚ್ಚಿಸಿಕೊಂಡರೆ ಕೊಬ್ಬಿನ ಮೆತ್ತೆಯೇ ಕರಗುತ್ತದೆ, ಆಗ ಹೊಸದೊಂದು ನೋವು ಕಟ್ಟಿಕೊಂಡಂತೆ. ಇನ್ನು ಆಪರೇಷನ್: ಹೆಚ್ಚಿನವರಿಗೆ ಬೇಕಾಗುವುದಿಲ್ಲ. ಬೇಕಾದವರಿಗೆ ದಪ್ಪಗಾದ ನರವನ್ನೇ ಕತ್ತರಿಸಿ ತೆಗೆಯುತ್ತಾರೆ. ಬಹುತೇಕರಿಗೆ ಆರಾಮ ಸಿಗುತ್ತದೆ, ಆದರೆ ಆ ಎರಡು ಬೆರಳುಗಳ ಸಂದಿ ಶಾಶ್ವತವಾಗಿ ಜೋಮಾಗಿಯೇ ಉಳಿಯುತ್ತದೆ, ಕೆಲವರಿಗೆ ಕತ್ತರಿಸಿದ ತುದಿಯಲ್ಲಿ ನೋವು ಮರಳುತ್ತದೆ. ಒಪ್ಪಿಗೆ ಕೊಡುವ ಮುನ್ನ ಇದು ಗೊತ್ತಿರಬೇಕು.

ಎಂಸಿಆರ್ ಚಪ್ಪಲಿಯ ಬಗ್ಗೆ ಕೇಳಿದ್ದೀರಿ. ಎಂಸಿಆರ್ ಎಂದರೆ ಮೈಕ್ರೋ ಸೆಲ್ಯುಲಾರ್ ರಬ್ಬರ್. ನಮ್ಮ ದೇಶದಲ್ಲಿ ಇದು ಪಾದದ ಚಿಕಿತ್ಸೆಗೆ ಬಂದ ಹಿನ್ನೆಲೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿದೆ. 1946ರಲ್ಲಿ ಅಲ್ಲಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಕುಷ್ಠರೋಗಿಗಳ ಪಾದದ ಹುಣ್ಣುಗಳನ್ನು ವರ್ಷಗಳ ಕಾಲ ಗಮನಿಸಿದರು. ರೋಗದಿಂದ ಮಾಂಸ ತಾನಾಗಿಯೇ ಕೊಳೆಯುತ್ತದೆ ಎಂದು ಜನ ನಂಬಿದ್ದ ಕಾಲ ಅದು. ಸ್ಪರ್ಶ ಕಳೆದುಕೊಂಡ ಪಾದ ಒಂದೇ ಜಾಗಕ್ಕೆ ಸಾವಿರಾರು ಸಲ ಒತ್ತಡ ಬಿದ್ದರೂ ಹೆಜ್ಜೆ ಬದಲಿಸುವುದಿಲ್ಲ, ಹುಣ್ಣು ಹುಟ್ಟುವುದು ಅಲ್ಲಿಂದ ಎಂದು ಅವರು ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಒತ್ತಡ ಹಂಚುವ ಮೆತ್ತನೆಯ ರಬ್ಬರಿನ ಚಪ್ಪಲಿ ಅಲ್ಲಿಂದ ಚಿಕಿತ್ಸೆಯ ಭಾಗವಾಯಿತು. ನಿಮಗೂ ಅದು ಸ್ವಲ್ಪ ಹಿತ ಕೊಡಬಹುದು. ಆದರೆ ಮುಂದೆ ಕಿರಿದಾಗಿದ್ದರೆ, ಪ್ಯಾಡ್ ಇಲ್ಲದಿದ್ದರೆ, ಬರೀ ಮೆತ್ತಗಿದ್ದ ಮಾತ್ರಕ್ಕೆ ನರದ ಒತ್ತಡ ಕಡಿಮೆಯಾಗುವುದಿಲ್ಲ.

ಎಂಸಿಆರ್ ಚಪ್ಪಲಿ ನಿಜವಾಗಿ ಬೇಕಾಗಿರುವುದು ನಿಮ್ಮ ಅತ್ತೆಯವರಿಗೆ. ನಿಮಗೆ ಯಾಕೆ ನೋವು, ಅವರಿಗೆ ಯಾಕಿಲ್ಲ ಎಂದು ಕೇಳಿದಿರಲ್ಲ, ಉತ್ತರ ಇದು: ನಿಮ್ಮ ನರ ಕೆರಳಿದೆ, ಅವರ ನರಗಳು ಬಹುಶಃ ಸಕ್ಕರೆ ಕಾಯಿಲೆಯಿಂದ ಸಂವೇದನೆ ಕಳೆದುಕೊಂಡಿವೆ. ಆಣಿ ಬೆಳೆದಿದೆ ಎಂದರೆ ಅಲ್ಲಿ ಒತ್ತಡ ಜಾಸ್ತಿ ಇದೆ. ಅಂಥ ಕಡೆ ನೋವಿಲ್ಲ ಎಂದರೆ ಅದು ಸಮಾಧಾನದ ಸಂಗತಿಯಲ್ಲ, ಅಪಾಯದ ಸೂಚನೆ. ಗಟ್ಟಿಯಾದ ಆ ಚರ್ಮದ ಅಡಿಯಲ್ಲಿ ಹುಣ್ಣಾಗಿ ಕೀವು ತುಂಬಿದರೂ ಅವರಿಗೆ ತಿಳಿಯುವುದಿಲ್ಲ. ಎಷ್ಟೋ ಕಾಲುಗಳನ್ನು ಕತ್ತರಿಸಬೇಕಾಗಿ ಬರುವುದು ಹೀಗೆ ಶುರುವಾದ ಹುಣ್ಣಿನಿಂದಲೇ. ಆಣಿಯನ್ನು ಮನೆಯಲ್ಲಿ ಬ್ಲೇಡಿನಿಂದ ಕೆತ್ತಬೇಡಿ. ಅಂಗಡಿಯ ಆಣಿ ಪಟ್ಟಿಯನ್ನು ಅಂಟಿಸಲೇಬೇಡಿ, ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಬಿಸಿನೀರಿನಲ್ಲಿ ಕಾಲಿಡುವುದು, ಶಾಖ ಕೊಡುವುದು, ಐಸ್ ಇಡುವುದು ಯಾವುದೂ ಬೇಡ. ಪ್ರತಿದಿನ ರಾತ್ರಿ ಅವರ ಅಂಗಾಲು, ಬೆರಳ ಸಂದಿ ನೀವೇ ನೋಡಿ. ಚಪ್ಪಲಿ ಹಾಕುವ ಮುನ್ನ ಒಳಗೆ ಕೈಯಾಡಿಸಿ ಕಲ್ಲು, ಮೊಳೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಮನೆಯೊಳಗೂ ಬರಿಗಾಲು ಬೇಡ. ಜಾತ್ರೆಗೆ, ದೇವಸ್ಥಾನಕ್ಕೆ ಹೋಗುವುದಾದರೆ ಅಂಗಳದ ಕಲ್ಲು ಕಾಯುವ ಮೊದಲು ಬೆಳಿಗ್ಗೆಯೇ ಹೋಗಿ, ದಪ್ಪ ಕಾಲುಚೀಲವಿರಲಿ.

ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್‌ನಲ್ಲಿ ಸಕ್ಕರೆ ಮಟ್ಟ ನೋಡುತ್ತಾರೆ. ಪಾದವನ್ನೂ ನೋಡಿ ಎಂದು ನೀವೇ ಕೇಳಬೇಕು. ನೈಲಾನ್ ಎಳೆಯೊಂದನ್ನು ಅಂಗಾಲಿಗೆ ತಾಗಿಸಿ ಸ್ಪರ್ಶ ಇದೆಯೇ ಎಂದು ತಿಳಿಯುವ ಪರೀಕ್ಷೆಗೆ ಹೆಚ್ಚು ಹೊತ್ತು ಬೇಡ. ಮಧುಮೇಹದ ಪಾದಕ್ಕೆಂದೇ ಪ್ರತ್ಯೇಕ ವಿಭಾಗವಿರುವ ಸರ್ಕಾರಿ ಸಂಸ್ಥೆ ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್. ಅತ್ತೆಯವರು ವರ್ಷಗಳಿಂದ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವಿಟಮಿನ್ ಬಿ12 ಕೂಡ ಪರೀಕ್ಷೆ ಮಾಡಿಸಿ, ಅದರ ಕೊರತೆಯೂ ಪಾದವನ್ನು ಜೋಮು ಹಿಡಿಸುತ್ತದೆ. ನಿಮ್ಮ ನೋವಿಗೆ ಚಪ್ಪಲಿ ಬದಲಿಸಿ ಹನ್ನೆರಡು ವಾರ ಕಾದು ನೋಡುವ ಅವಕಾಶವಿದೆ, ಅವರ ಆಣಿಗೆ ಅಷ್ಟು ಕಾಲಾವಕಾಶ ಕೊಡಬೇಡಿ. ಈ ವಾರವೇ ಕರೆದುಕೊಂಡು ಹೋಗಿ.